‘ವರ್ಡ್ ಆರ್ಡರ್ ವಯಲೇಶನ್’ಗೆ ‘ಉಲ್ಲಂಘನೆ’ ಒಗ್ಗುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಸ್ವೀಡಿಶ್ ವಾಕ್ಯದಲ್ಲಿ ಪದಗಳ ಜಾಗ ಅದಲುಬದಲಾದರೆ ಮಿದುಳು ಏನು ಮಾಡುತ್ತದೆ ಎಂದು ಒಂದು ಬರಹ ಬರೆಯುತ್ತಿದ್ದೇನೆ. ಪದಕ್ರಮ ಹೀಗೆ ಕೆಡುವುದಕ್ಕೆ ಇಂಗ್ಲಿಷಿನಲ್ಲಿ ‘ವರ್ಡ್ ಆರ್ಡರ್ ವಯಲೇಶನ್’ ಎನ್ನುತ್ತಾರೆ. ಆ ‘ವಯಲೇಶನ್’ ಹತ್ತಿರ ಬಂದು ಸಿಕ್ಕಿಕೊಂಡಿದ್ದೇನೆ. ನಿಘಂಟಿನಲ್ಲಿ ‘ಉಲ್ಲಂಘನೆ’ ಇದೆ. ಆದರೆ ಅದನ್ನು ಓದಿದ ಕೂಡಲೇ ಸಿಗ್ನಲ್ ಜಂಪ್ ಮಾಡಿದವನು, ದಂಡದ ರಸೀದಿ ನೆನಪಾಗುತ್ತವೆ, ಅಲ್ವಾ?

ಸಂಗತಿ ಇದು. ಸ್ವೀಡಿಶ್‌ನ ಹೇಳಿಕೆ ವಾಕ್ಯದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಎರಡನೇ ಜಾಗ ಬಿಟ್ಟು ಕದಲುವುದಿಲ್ಲ. ‘ಇದಾಗ್ ಲೇಸೆರ್ ಹುನ್ ಬೂಕೆನ್’ ಸರಿ. ಅಂದರೆ ‘ಇವತ್ತು - ಓದುತ್ತಾಳೆ - ಅವಳು - ಪುಸ್ತಕವನ್ನು’. ‘ಇದಾಗ್ ಹುನ್ ಲೇಸೆರ್ ಬೂಕೆನ್’ ಎಂದರೆ ಕಿವಿಗೆ ಕಸಿವಿಸಿ. ಇಂಥ ವಾಕ್ಯ ಬಂದಾಗ ಮಿದುಳಿನ ವಿದ್ಯುತ್ ಏರಿಳಿತ ಅಳೆಯಲು ತಲೆಗೆ ಅಂಟಿಸಿದ ಇಇಜಿ ತಂತಿಗಳಲ್ಲಿ ಒಂದು ಪಾಸಿಟಿವ್ (ಧನ) ಅಲೆ ಏಳಬಹುದು. ಎಡವಿದ ಪದ ಬಂದು ಸುಮಾರು 600 ಮಿಲಿಸೆಕೆಂಡಿಗೆ, ಹೆಚ್ಚಾಗಿ ತಲೆಯ ಹಿಂಭಾಗದಲ್ಲಿ. ಅದಕ್ಕೇ ಅದರ ಹೆಸರು ಪಿ600. ಮಿದುಳು ದಂಡ ಹಾಕುತ್ತಿಲ್ಲ, ವಾಕ್ಯವನ್ನು ಮತ್ತೆ ಜೋಡಿಸಲು ನೋಡುತ್ತಿದೆ ಎನ್ನುವುದು ಹಲವರ ವಿವರಣೆ.

ಇನ್ನೊಂದು ತಕರಾರೂ ಇದೆ. ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮಿನಲ್ಲಿ ವಲಸೆ ಬಂದ ಕುಟುಂಬಗಳು ಹೆಚ್ಚಿರುವ ರಿಂಕೆಬಿಯಂಥ ಬಡಾವಣೆಗಳ ಹುಡುಗ ಹುಡುಗಿಯರ ಮಾತಿನಲ್ಲಿ ಈ ‘ತಪ್ಪು’ ಕ್ರಮ ಕೇಳಿಬರುತ್ತದೆ. ಅವರೆಲ್ಲ ಏನನ್ನು ಉಲ್ಲಂಘಿಸಿದರು? ‘ಕನ್ಶೆ’ (ಬಹುಶಃ) ಎಂಬ ಪದದ ನಂತರವಂತೂ ಎಲ್ಲರೂ ಕರ್ತೃವನ್ನು ಕ್ರಿಯಾಪದಕ್ಕಿಂತ ಮೊದಲು ತರಬಹುದು. ಸುಮ್ನೆ ಹೇಳಿದೆ, ಆ ಪದದ ಮೂಲ ಅರ್ಥ ‘ಆಗಬಹುದು’. ಅದರ ಹೊಟ್ಟೆಯಲ್ಲೇ ಒಂದು ಕ್ರಿಯಾಪದವಿದೆ!

ಕನ್ನಡದ ಓದುಗರಿಗೆ ಈ ಕಸಿವಿಸಿ ಮುಟ್ಟಿಸುವುದೂ ಕಷ್ಟ. ‘ಅವಳು ಪುಸ್ತಕ ಓದಿದಳು’, ‘ಪುಸ್ತಕ ಓದಿದಳು ಅವಳು’, ಎರಡೂ ನಡೆಯುತ್ತವೆ. ‘ಮೇಜಿನ ಮೇಲೆ’ ಬದಲು ‘ಮೇಲೆ ಮೇಜಿನ’ ಎಂದರೆ ಮಾತ್ರ ಗಕ್ಕನೆ ನಿಲ್ಲುತ್ತೇವೆ. ಬರಹದಲ್ಲಿ ಇದೇ ಉದಾಹರಣೆ ಕೊಡೋಣ ಅಂತಿದ್ದೇನೆ.

ನನ್ನ ಒಲವು ‘ತಪ್ಪು’ ಎಂಬ ಕ್ರಿಯಾಪದದ ಕಡೆ. ತಾಳ ತಪ್ಪಿತು, ದಾರಿ ತಪ್ಪಿತು ಅನ್ನುತ್ತೇವೆ. ಯಾರನ್ನೂ ಕಟಕಟೆಗೆ ಹತ್ತಿಸುವುದಿಲ್ಲ. ಹಾಗೇ ‘ಪದಕ್ರಮ ತಪ್ಪಿದ ವಾಕ್ಯ’. ‘ಕ್ರಮಭಂಗ’ವೂ ಹೊಳೆದಿತ್ತು, ಆದರೆ ವ್ರತಭಂಗದ ವಾಸನೆ ಜಾಸ್ತಿ.

ತೊಡಕು ಒಂದೇ: ತಲೆಬರಹಕ್ಕೆ ನಾಮಪದ ಬೇಕು. ‘ಕ್ರಮ ತಪ್ಪುವಿಕೆ’ ನಾಲಗೆಗೆ ಭಾರ. ‘ಪದತಪ್ಪು’ ಎಂದರೆ ಕಾಗುಣಿತದ ತಪ್ಪು ಅಂದುಕೊಳ್ಳುತ್ತಾರೆ. ಯಾರಿಗಾದರೂ ಚಿಕ್ಕದೊಂದು ಪದ ಹೊಳೆಯುತ್ತದೆಯೇ?