ಸಿಲಿಕಾ ಜೆಲ್–ನೀರಿನ ಚಿಲ್ಲರ್ ಮಾಡೆಲ್‌ನಲ್ಲಿ ಸಿಒಪಿ (ಕೊಟ್ಟ ಶಾಖಕ್ಕೆ ಸಿಕ್ಕ ತಂಪಿನ ಅನುಪಾತ) 1.24 ಬರುತ್ತಿದೆ, ತಪ್ಪು ಎಲ್ಲಿ?

ತಂಪುಲೆಕ್ಕ: ಎಲ್ಲರಿಗೂ ನಮಸ್ಕಾರ. ಎಂ.ಟೆಕ್ ಪ್ರಾಜೆಕ್ಟ್‌ಗೆ ಎರಡು ಬೆಡ್‌ನ (ಜೆಲ್ ತುಂಬಿದ ಭಾಗ) ಅಡ್ಸಾರ್ಪ್ಷನ್ ಚಿಲ್ಲರ್ ಅನ್ನು ಪೈಥಾನ್‌ನಲ್ಲಿ ಬರೆದಿದ್ದೇನೆ. ಒಂದು ಬೆಡ್‌ನ ಜೆಲ್ ನೀರಾವಿ ಹೀರಿ ತಂಪು ಕೊಡುವಾಗ ಇನ್ನೊಂದನ್ನು ಬಿಸಿನೀರು ಒಣಗಿಸುತ್ತದೆ, ಆಮೇಲೆ ಅದಲುಬದಲು. ಬಿಸಿನೀರು 85 ಡಿಗ್ರಿ, ಕೂಲಿಂಗ್ ನೀರು 30, ಎವಾಪರೇಟರ್ (ನೀರು ಆವಿಯಾಗಿ ತಂಪಾಗುವ ಭಾಗ) 10ರ ಆಸುಪಾಸು. ಅರ್ಧ ಸೈಕಲ್‌ಗೆ 450 ಸೆಕೆಂಡು, ವಾಲ್ವ್ ಬದಲಿಸಲು 30. ಜೆಲ್ ಕೊನೆಗೆ ಎಷ್ಟು ನೀರು ಹೀರುತ್ತದೆ ಎಂಬುದಕ್ಕೆ ಟಾಥ್ ಸಮೀಕರಣ, ಎಷ್ಟು ಬೇಗ ಹೀರುತ್ತದೆ ಎಂಬುದಕ್ಕೆ ಎಲ್‌ಡಿಎಫ್ (ಲೀನಿಯರ್ ಡ್ರೈವಿಂಗ್ ಫೋರ್ಸ್) ಸಮೀಕರಣ. ಶುರುವಿನಲ್ಲಿ ಎರಡೂ ಬೆಡ್ ಒಣಗಿದ್ದವು, ಕಿಲೋ ಜೆಲ್‌ಗೆ 0.02 ಕಿಲೋ ನೀರು. ಒಂದು ಸೈಕಲ್ ಓಡಿಸಿದರೆ ಸಿಒಪಿ 1.24! ಓದಿದ ಪೇಪರ್‌ಗಳಲ್ಲಿ ಅರ್ಧದ ಹತ್ತಿರವಿರುತ್ತದೆ. ಡಿಫ್ಯೂಷನ್ ಸ್ಥಿರಾಂಕ (ನೀರು ಜೆಲ್ ಒಳಗೆ ಹರಡುವ ವೇಗ) ಇಳಿಸಿ ನೋಡಲೇ?

ಆವಿಮನೆ: ದಯವಿಟ್ಟು ಸ್ಥಿರಾಂಕ ಮುಟ್ಟಬೇಡಿ. ಉತ್ತರಕ್ಕೆ ತಕ್ಕಂತೆ ಅದನ್ನು ತಿರುಚಿದರೆ ನಿಜವಾದ ತಪ್ಪು ಒಳಗೇ ಉಳಿಯುತ್ತದೆ.

ಮೊದಲು ಕೈಲೆಕ್ಕ ಮಾಡಿ. 10 ಡಿಗ್ರಿಯಲ್ಲಿ ನೀರಿನ ಆವಿಯಾಗುವ ಶಾಖ ಕಿಲೋಗೆ ಸುಮಾರು 2477 ಕಿಲೋಜೂಲ್. ಕಂಡೆನ್ಸರ್‌ನಿಂದ (ಆವಿ ಮತ್ತೆ ನೀರಾಗುವ ಭಾಗ) ಬರುವ 30 ಡಿಗ್ರಿ ನೀರು 10ಕ್ಕೆ ಇಳಿಯುವುದರಲ್ಲೇ 84 ಹೋಗುತ್ತದೆ. ಉಳಿದದ್ದು 2393. ಅದೇ ನೀರನ್ನು ಜೆಲ್‌ನಿಂದ ಬಿಡಿಸಲು 2693 ಬೇಕು (ಆರ್‌ಡಿ ಎಂಬ ಬಗೆಯ ಸಿಲಿಕಾ ಜೆಲ್‌ಗೆ ಸಾಮಾನ್ಯವಾಗಿ ಬಳಸುವ ಮೌಲ್ಯ). ಭಾಗಿಸಿದರೆ 0.89, ಅಂದರೆ ಶಾಖ ಮರುಬಳಕೆ ಇಲ್ಲದ ಯಂತ್ರದ ಸಿಒಪಿಗೆ ಅದನ್ನು ದಾಟಲು ದಾರಿಯೇ ಇಲ್ಲ.

ಹಾಗಾದರೆ ಹೆಚ್ಚುವರಿ ತಂಪು ಎಲ್ಲಿಂದ ಬಂತು? ನಿಮ್ಮ ಒಣ ಬೆಡ್‌ಗಳಿಂದ. ಮೊದಲ ಅರ್ಧದಲ್ಲಿ ಎ ಬೆಡ್ ನೀರು ಹೀರಿತು, ಬಿಸಿಯಾದ ಬಿ ಬೆಡ್‌ನಲ್ಲಿ ಬಿಡಲು ನೀರೇ ಇರಲಿಲ್ಲ. ಆಮೇಲೆ ಬಿ ಹೀರಿತು, ಎ ಬಿಟ್ಟಿತು. ಎರಡು ಸಲ ತಂಪು, ಆದರೆ ನೀರು ಬಿಡಿಸಿದ್ದು ಒಂದೇ ಸಲ. ಆ ಬೆಡ್‌ಗಳನ್ನು ಒಣಗಿಸಿದ ಶಾಖವನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ. ಸೈಕಲ್‌ನ ಶುರು ಮತ್ತು ಕೊನೆಯ ಸ್ಥಿತಿ ಒಂದೇ ಆಗುವವರೆಗೆ ಓಡಿಸಿ, ಕೊನೆಯ ಸೈಕಲ್‌ನಲ್ಲಿ ಮಾತ್ರ ಸಿಒಪಿ ತೆಗೆಯಿರಿ. ಹೀರಿದ ನೀರು, ಬಿಟ್ಟ ನೀರು ಎರಡನ್ನೂ ಪ್ರಿಂಟ್ ಮಾಡಿ, ಸರಿಸಮ ಇರಲೇಬೇಕು.

ತಂಪುಲೆಕ್ಕ: ತುಂಬಾ ಧನ್ಯವಾದ ಸರ್. 12 ಸೈಕಲ್ ಆದಮೇಲೆ 0.66ಕ್ಕೆ ನಿಂತಿತು. ನೀರಿನ ಲೆಕ್ಕ ಕೂಡುತ್ತಿದೆ. ಆದರೂ ಸ್ವಲ್ಪ ಜಾಸ್ತಿಯೇ ಅನ್ನಿಸುತ್ತಿದೆ.

ಸೊನ್ನೆಒತ್ತಡ: ಬೆಡ್‌ನ ತಾಮ್ರದ ಕೊಳವೆ, ಅಲ್ಯೂಮಿನಿಯಂ ಫಿನ್ ಸೇರಿಸಿದ್ದೀರಾ? ಪ್ರತಿ ಸೈಕಲ್‌ನಲ್ಲೂ ಅವನ್ನು ಬಿಸಿ ಮಾಡಿ ತಣಿಸಬೇಕು, ಆ ಶಾಖವೆಲ್ಲ ನಷ್ಟ. ಕೊಟ್ಟ ಶಾಖವನ್ನು ಬಿಸಿನೀರಿನ ಒಳ-ಹೊರ ತಾಪಮಾನದಿಂದಲೇ ಅಳೆಯಿರಿ. ಇನ್ನೊಂದು, ವಾಲ್ವ್ ಬದಲಾವಣೆಯನ್ನು ಸಮೀಕರಣದ ಒಳಗೆ 'ಇಫ್' (ಕೋಡ್‌ನ ಷರತ್ತು) ಹಾಕಿ ಮಾಡಿದ್ದರೆ ತೆಗೆದುಬಿಡಿ. ಸಮೀಕರಣ ಬಿಡಿಸುವ ಸಾಲ್ವರ್ ಸಮಯದಲ್ಲಿ ದೊಡ್ಡ ಹೆಜ್ಜೆ ಇಟ್ಟಾಗ 30 ಸೆಕೆಂಡಿನ ಹಂತವನ್ನು ಹಾರಿಬಿಡಬಹುದು. ಪ್ರತಿ ಹಂತದ ಕೊನೆಗೆ ನಿಲ್ಲಿಸಿ, ಅಲ್ಲಿಂದ ಹೊಸದಾಗಿ ಬಿಡಿಎಫ್ (ಸಾಲ್ವರ್‌ನ ಒಂದು ಲೆಕ್ಕ ವಿಧಾನ) ಶುರು ಮಾಡಿ.

ತಂಪುಲೆಕ್ಕ: ಲೋಹ ಬಿಟ್ಟೇ ಹೋಗಿತ್ತು ಸರ್! ಸೇರಿಸಿದ ಮೇಲೆ 0.49. 'ಇಫ್' ಕೂಡ ತೆಗೆದೆ, ಎವಾಪರೇಟರ್ ತಾಪಮಾನದ ಗೆರೆಯಲ್ಲಿದ್ದ ಮುಳ್ಳುಗಳು ಮಾಯವಾದವು. ನಾಳೆಯೇ ಗೈಡ್‌ಗೆ ತೋರಿಸುತ್ತೇನೆ.