ಸ್ಲೀಪ್‌ಗೆ ಹೋದ ಲ್ಯಾಪ್‌ಟಾಪ್ ಎದ್ದೇಳುತ್ತಿಲ್ಲ: ಫ್ಯಾನ್ ಓಡುತ್ತೆ, ಪರದೆ ಕಪ್ಪು

ಪ್ರಶ್ನೆ: ವಿಂಡೋಸ್ 11, ಇಂಟೆಲ್ ಗ್ರಾಫಿಕ್ಸ್. ಮುಚ್ಚಳ ಮುಚ್ಚಿ ಅರ್ಧ ಗಂಟೆ ಬಿಟ್ಟು ತೆರೆದರೆ ಫ್ಯಾನ್ ತಿರುಗುತ್ತೆ, ಪವರ್ ಲೈಟ್ ಉರಿಯುತ್ತೆ, ಪರದೆ ಮಾತ್ರ ಕಪ್ಪು. ಪವರ್ ಬಟನ್ ಒತ್ತಿಹಿಡಿದು ಆಫ್ ಮಾಡದೆ ಬೇರೆ ದಾರಿಯಿಲ್ಲ. ಎಲ್ಲಿಂದ ಹುಡುಕಲಿ?

ಉತ್ತರ 1: ಆಫ್ ಮಾಡುವ ಮೊದಲು ಕ್ಯಾಪ್ಸ್ ಲಾಕ್ ಒತ್ತಿ, ಅದರ ಪುಟ್ಟ ದೀಪ ನೋಡಿ. ಹತ್ತಿ ಆರಿದರೆ ಸಿಸ್ಟಂ ಎದ್ದಿದೆ, ಪರದೆಗೆ ಚಿತ್ರ ಬರುತ್ತಿಲ್ಲ ಅಷ್ಟೇ. ಆಗ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಗ್ರಾಫಿಕ್ಸ್ ಡ್ರೈವರ್ (ಗ್ರಾಫಿಕ್ಸ್ ಚಿಪ್ ನಡೆಸುವ ಸಾಫ್ಟ್‌ವೇರ್) ರೀಸೆಟ್ ಆಗಿ ಬೀಪ್ ಕೇಳುತ್ತೆ. ಚಿತ್ರ ಬಂದರೆ ಅನುಮಾನ ಡ್ರೈವರ್ ಮೇಲೆಯೇ: ತಯಾರಕರ ತಾಣದಲ್ಲಿ ನಿಮ್ಮ ಮಾಡೆಲ್‌ಗೆಂದೇ ಕೊಟ್ಟಿರುವುದನ್ನು ಹಾಕಿ. ಅಪ್‌ಡೇಟ್ ಆದ ಮೇಲೆ ಶುರುವಾಗಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ರೋಲ್ ಬ್ಯಾಕ್ ಮಾಡಿ, ಅಂದರೆ ಹಿಂದಿನ ಆವೃತ್ತಿಗೆ ಮರಳಿಸಿ.

ಉತ್ತರ 2: ದೀಪ ಹತ್ತದಿದ್ದರೆ ಡ್ರೈವರ್ ಹಿಂದೆ ಬೀಳಬೇಡಿ. ಮೊದಲು ಬಯಾಸ್ (ವಿಂಡೋಸ್‌ಗೂ ಮೊದಲು ಯಂತ್ರವನ್ನು ಎಬ್ಬಿಸುವ ಮೂಲ ಸಾಫ್ಟ್‌ವೇರ್) ಅಪ್‌ಡೇಟ್, ಅದೂ ಚಾರ್ಜರ್ ಹಾಕಿಕೊಂಡೇ. ಇತ್ತೀಚೆಗೆ ರ್ಯಾಮ್ ಸೇರಿಸಿದ್ದೀರಾ? ಎಸ್3 ಸ್ಲೀಪ್ (ಬಹುಪಾಲು ಭಾಗಗಳನ್ನು ಆರಿಸಿ ರ್ಯಾಮ್‌ಗೆ ವಿದ್ಯುತ್ ಕೊಡುವ ಬಗೆ) ಇರುವ ಯಂತ್ರಗಳಲ್ಲಿ ತೆರೆದಿಟ್ಟ ಕೆಲಸವೆಲ್ಲ ರ್ಯಾಮ್‌ನಲ್ಲೇ ಇರುತ್ತೆ. ಹೊಂದದ ಸ್ಟಿಕ್ ಇದ್ದರೆ ಏಳುವ ಹೊತ್ತಿಗೇ ಕೈಕೊಡುತ್ತೆ. ಒಂದೊಂದೇ ಸ್ಟಿಕ್ ಇಟ್ಟು ಪರೀಕ್ಷಿಸಿ.

ಪ್ರಶ್ನೆ ಕೇಳಿದವರು: ದೀಪ ಹತ್ತುತ್ತೆ, ಬೀಪ್ ಬಂತು, ಪರದೆ ಬರಲಿಲ್ಲ.

ಉತ್ತರ 1: ಹಾಗಾದರೆ ಪರದೆಗೆ ಟಾರ್ಚ್ ಓರೆಯಾಗಿ ಹಿಡಿಯಿರಿ. ಮಸುಕಾಗಿ ಅಕ್ಷರ ಕಂಡರೆ ಬ್ಯಾಕ್‌ಲೈಟ್ (ಪರದೆಯನ್ನು ಬೆಳಗಿಸುವ ಹಿಂಬದಿ ದೀಪ) ತೊಂದರೆ. ಏನೂ ಕಾಣದಿದ್ದರೆ ಎಚ್‌ಡಿಎಂಐ ಮಾನಿಟರ್ ಜೋಡಿಸಿ; ಅದರಲ್ಲಿ ಚಿತ್ರ ಬಂದರೆ ಮುಚ್ಚಳದ ಸೆನ್ಸರ್ ಅಥವಾ ಡಿಸ್‌ಪ್ಲೇ ಕೇಬಲ್ ನೋಡಬೇಕು. ಅಲ್ಲಿಯವರೆಗೆ ಮುಚ್ಚಳ ಮುಚ್ಚಿದಾಗ ಹೈಬರ್ನೇಟ್ ಆಗುವಂತೆ ಪವರ್ ಆಪ್ಷನ್ಸ್‌ನಲ್ಲಿ ಬದಲಿಸಿ, ಕೆಲಸ ಡಿಸ್ಕ್‌ನಲ್ಲಿ ಉಳಿಯುತ್ತೆ.