ಸುಹಾಸನ ಕಡಲೆಕಾಯಿ ಅಲರ್ಜಿಯ ಬಗ್ಗೆ ಅತ್ತಿಗೆಗೆ

ಅತ್ತಿಗೆ, ನಿನ್ನೆ ರಾತ್ರಿ ನೀವು ಗ್ರೂಪಿನಲ್ಲಿ ಕೇಳಿದ ಪ್ರಶ್ನೆಗೆ ಎರಡು ಸಾಲಿನಲ್ಲಿ ಉತ್ತರ ಹೇಳಿದರೆ ಅರ್ಧಂಬರ್ಧವಾಗುತ್ತದೆ. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಹೇಳುತ್ತಿದ್ದೇನೆ. ಅಣ್ಣನೂ ಸುಹಾಸನೂ ಪೂರ್ತಿ ಕೇಳಬೇಕು. ಕಡಲೆಕಾಯಿ ಆಗದವರಿಗೆ ಅದನ್ನೇ ಚೂರುಚೂರಾಗಿ ತಿನ್ನಿಸಿ ಒಗ್ಗಿಸುವ ಚಿಕಿತ್ಸೆ ಇದೆಯಂತೆ, ಇಪ್ಪತ್ತೇಳು ತುಂಬಿದ ನಮ್ಮ ಸುಹಾಸನಿಗೆ ಅದು ಆದೀತೇ ಎಂದು ನೀವು ಕೇಳಿದ್ದೀರಿ. ಅದರ ಕೆಳಗೇ ಭಾವ, ಅದಕ್ಕೆಲ್ಲ ಡಾಕ್ಟರ್ ಯಾಕೆ, ಸಂಕ್ರಾಂತಿಯ ಎಳ್ಳು-ಬೆಲ್ಲದಿಂದಲೇ ದಿನಕ್ಕೊಂದು ಚೂರು ಶುರು ಮಾಡಿದರಾಯಿತು ಎಂದು ಬರೆದಿದ್ದಾರೆ. ಮೊದಲು ಭಾವನವರಿಗೇ ಹೇಳಿಬಿಡುತ್ತೇನೆ: ದಯವಿಟ್ಟು ಬೇಡ.

ಚಿಕಿತ್ಸೆ ಸುಳ್ಳಲ್ಲ. 1908ರಷ್ಟು ಹಿಂದೆಯೇ ಸ್ಕೋಫೀಲ್ಡ್ ಎಂಬ ಇಂಗ್ಲೆಂಡಿನ ವೈದ್ಯರು, ಮೊಟ್ಟೆ ಆಗದ ಹುಡುಗನೊಬ್ಬನಿಗೆ ಅತ್ಯಲ್ಪ ಪ್ರಮಾಣದಿಂದ ಆರಂಭಿಸಿ ಮೊಟ್ಟೆಯನ್ನು ಒಗ್ಗಿಸಿದ್ದನ್ನು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದರು. ಈಗ ಅದಕ್ಕೆ ಓರಲ್ ಇಮ್ಯುನೋಥೆರಪಿ ಎನ್ನುತ್ತಾರೆ. ಆದರೆ ಅತ್ಯಲ್ಪ ಎಂದರೆ ಎಷ್ಟು ಎನ್ನುವುದನ್ನು ಭಾವ ಗಮನಿಸಬೇಕು. ಅಮೆರಿಕದಲ್ಲಿ 2020ರಲ್ಲಿ ಒಪ್ಪಿಗೆ ಪಡೆದ ಪಾಲ್ಫೋರ್ಜಿಯಾ ಎಂಬ ಕಡಲೆಕಾಯಿ ಪುಡಿಯ ಮದ್ದಿನಲ್ಲಿ ಮೊಟ್ಟಮೊದಲ ಡೋಸ್ 0.5 ಮಿಲಿಗ್ರಾಂ ಪ್ರೋಟೀನ್. ಒಂದು ಕಡಲೆಬೀಜದಲ್ಲಿ ಸುಮಾರು 250 ಮಿಲಿಗ್ರಾಂ ಪ್ರೋಟೀನ್ ಇರುತ್ತದೆ. ಅಂದರೆ ಒಂದೇ ಒಂದು ಬೀಜದ ಐನೂರನೆಯ ಒಂದು ಪಾಲು. ಎಳ್ಳು-ಬೆಲ್ಲದಲ್ಲಿ ನಾವು ಇಬ್ಭಾಗ ಮಾಡಿ ಹಾಕುವ ಅರ್ಧ ಬೀಜವೇ ಅದರ ಇನ್ನೂರೈವತ್ತು ಪಟ್ಟಾಯಿತು. ಆ ಪುಡಿಯನ್ನಾದರೂ ಮೊದಲ ದಿನ ಆಸ್ಪತ್ರೆಯಲ್ಲಿ ಕೂರಿಸಿಕೊಂಡು, 0.5ರಿಂದ 6 ಮಿಲಿಗ್ರಾಂವರೆಗೆ ಹಂತಹಂತವಾಗಿ ಕೊಟ್ಟು ನೋಡುತ್ತಾರೆ. ಆಮೇಲೆ 3 ಮಿಲಿಗ್ರಾಂನಿಂದ ಶುರುಮಾಡಿ ಆಯಾ ಹಂತದ ಡೋಸನ್ನು ಮನೆಯಲ್ಲಿ ದಿನವೂ ತೆಗೆದುಕೊಳ್ಳುವುದು, ಎರಡು ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ಡಾಕ್ಟರ ಎದುರಿನಲ್ಲೇ ಒಂದು ಮೆಟ್ಟಿಲು ಏರಿಸಿಕೊಳ್ಳುವುದು. ಹೀಗೆ ಕೊನೆಯ ಮೆಟ್ಟಿಲಾದ 300 ಮಿಲಿಗ್ರಾಂ ಮುಟ್ಟಲು ಎಲ್ಲವೂ ಸುಸೂತ್ರವಾಗಿ ನಡೆದರೂ ಆರು ತಿಂಗಳ ಹತ್ತಿರ ಬೇಕು.

ಆ ಪುಡಿಗೆ ಒಪ್ಪಿಗೆ ಇರುವುದು ಮಕ್ಕಳಲ್ಲಿ ಮತ್ತು ಹದಿನೆಂಟು ತುಂಬದವರಲ್ಲಿ ಆರಂಭಿಸುವುದಕ್ಕೆ ಮಾತ್ರ. ಅದರ ದೊಡ್ಡ ಪರೀಕ್ಷೆಯ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಮಕ್ಕಳಲ್ಲಿ ಮೂರರಲ್ಲಿ ಎರಡು ಪಾಲು ಮಂದಿ ಕೊನೆಯಲ್ಲಿ 600 ಮಿಲಿಗ್ರಾಂ ತಡೆದುಕೊಂಡರು, ಆದರೆ ಅದರಲ್ಲಿದ್ದ ಸ್ವಲ್ಪವೇ ಮಂದಿ ವಯಸ್ಕರಲ್ಲಿ ಅಂಥ ಖಚಿತ ಲಾಭ ಸಾಬೀತಾಗಲಿಲ್ಲ. ವಯಸ್ಕರಿಗೆ ಭರವಸೆಯೇ ಇಲ್ಲವೆಂದು ಇದರಿಂದ ತಿಳಿಯಬೇಡಿ. 2025ರಲ್ಲಿ ಲಂಡನ್ನಿನ ಸಂಶೋಧಕರು 18ರಿಂದ 40 ವರ್ಷದ 21 ಜನರ ಮೇಲೆ ಮಾಡಿದ ಪ್ರಯೋಗ ಹೊರಬಂತು. ಅವರಲ್ಲಿ 14 ಜನ ಐದು ಕಡಲೆಬೀಜದಷ್ಟನ್ನು ತೊಂದರೆಯಿಲ್ಲದೆ ತಿನ್ನುವ ಹಂತ ತಲುಪಿದರು. ಸಂತೋಷದ ಸುದ್ದಿಯೇ. ಆದರೆ ಇಪ್ಪತ್ತೊಂದು ಜನರ ಪ್ರಯೋಗ ಇಪ್ಪತ್ತೊಂದು ಜನರ ಪ್ರಯೋಗವೇ, ಅದನ್ನು ನೋಡಿ ಮುಹೂರ್ತ ಇಡಲಾಗುವುದಿಲ್ಲ.

ಇನ್ನೊಂದು ವಿಷಯವನ್ನು ಸುಹಾಸ ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ಚಿಕಿತ್ಸೆ ಮುಗಿಸಿದವನು ಬೇಕೆಂದಾಗ ಕಡಲೆಕಾಯಿ ಚಿಕ್ಕಿ ತಿನ್ನಬಹುದು ಎಂದೇನೂ ಅಲ್ಲ. ಮದುವೆ ಮನೆಯ ಚಟ್ನಿಯಲ್ಲಿ ಗೊತ್ತಿಲ್ಲದೆ ಸ್ವಲ್ಪ ಹೊಟ್ಟೆಗೆ ಹೋದರೆ ಪ್ರಾಣಕ್ಕೆ ಬಾರದಿರಲಿ ಎಂಬುದಷ್ಟೇ ಅದರ ಗುರಿ. ಆ ರಕ್ಷಣೆ ಉಳಿಯಬೇಕಾದರೆ ದಿನವೂ ಡೋಸ್ ತೆಗೆದುಕೊಳ್ಳುತ್ತಲೇ ಇರಬೇಕು. ಬಿಟ್ಟರೆ ಹಲವರಲ್ಲಿ ಅಲರ್ಜಿ ಹಿಂದಿನಂತೆಯೇ ಮರಳುತ್ತದೆ. ದಿನದ ಡೋಸಿಗೂ ಕಟ್ಟುಪಾಡುಗಳಿವೆ. ಖಾಲಿ ಹೊಟ್ಟೆಯಲ್ಲಿ ಕೂಡದು, ತೆಗೆದುಕೊಂಡ ಮೇಲೆ ಎರಡು-ಮೂರು ಗಂಟೆ ಮೈ ಬೆವರುವಂಥ ಕೆಲಸವಾಗಲಿ ಬಿಸಿನೀರಿನ ಸ್ನಾನವಾಗಲಿ ಕೂಡದು. ಜ್ವರ ಬಂದ ದಿನ, ನಿದ್ದೆಗೆಟ್ಟ ದಿನ, ಮದ್ಯ ಸೇವಿಸಿದ ದಿನ, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ನುಂಗಿದ ದಿನ, ನಿನ್ನೆಯವರೆಗೆ ಒಗ್ಗಿದ್ದ ಡೋಸೇ ತಿರುಗಿ ಬೀಳಬಹುದು. ಕಾಫಿ ಕೊಯ್ಲಿನ ದಿನಗಳಲ್ಲಿ ಬೆಳಿಗ್ಗೆ ಏಳಕ್ಕೆಲ್ಲ ತೋಟದ ಇಳಿಜಾರು ಹತ್ತಿಳಿಯುವ ಹುಡುಗ ಈ ಡೋಸನ್ನು ಯಾವ ಹೊತ್ತಿಗೆ ತೆಗೆದುಕೊಳ್ಳುತ್ತಾನೆ, ಹೇಳಿ. ಅದೂ ಅಲ್ಲದೆ ಮಳೆಗಾಲ ಬಂತೆಂದರೆ ಅವನಿಗೆ ಉಬ್ಬಸ ಏಳುತ್ತದೆ. ಉಬ್ಬಸ ಹತೋಟಿಯಲ್ಲಿ ಇಲ್ಲದವರಿಗೆ ಈ ಚಿಕಿತ್ಸೆಯನ್ನು ಯಾವ ತಜ್ಞರೂ ಆರಂಭಿಸುವುದಿಲ್ಲ.

ನನ್ನನ್ನು ಹೆಚ್ಚು ಕಾಡುವುದು ದೂರದ ಪ್ರಶ್ನೆ. ಲಂಡನ್ನಿನಲ್ಲಿ ಡೋಸ್ ತೆಗೆದುಕೊಂಡವನಿಗೆ ಗಂಟಲು ಬಿಗಿದರೆ ಮಾಡುವ ವ್ಯವಸ್ಥೆ ಬೇರೆ. ನಿಮ್ಮ ತೋಟದಿಂದ ಮಣ್ಣಿನ ರಸ್ತೆ ದಾಟಿ ಮೂಡಿಗೆರೆ ಸೇರಿ, ಅಲ್ಲಿಂದ ಚಿಕ್ಕಮಗಳೂರಿಗೆ ಬರುವ ಹೊತ್ತಿಗೆ ಏನಾಗುತ್ತದೆ ಎಂದು ಯೋಚಿಸಿ. 108 ಬರುವವರೆಗೂ ಕಾಯುವ ರೋಗ ಇದಲ್ಲ. ಹೋದ ವರ್ಷ ಅವನಿಗೆ ತುಟಿ ಊದಿ ಉಸಿರು ಕಟ್ಟಿದಾಗ ಒಂದು ಕ್ಲಿನಿಕ್ಕಿನಲ್ಲಿ ಬರೀ ತುರಿಕೆಯ ಇಂಜೆಕ್ಷನ್ ಕೊಟ್ಟು ಕಳುಹಿಸಿದ್ದರಲ್ಲ, ಆ ಮಾತು ಕೇಳಿದಾಗಿನಿಂದ ನನಗೆ ಸಮಾಧಾನವಿಲ್ಲ. ಆ ಮದ್ದು ದದ್ದನ್ನು ಇಳಿಸುತ್ತದೆ, ಮುಚ್ಚುತ್ತಿರುವ ಉಸಿರನ್ನು ತೆರೆಯುವುದಿಲ್ಲ. ಅಲ್ಲಿ ಮೊದಲು ಬೇಕಾದದ್ದು ಅಡ್ರಿನಲಿನ್. ದೊಡ್ಡವರಿಗೆ ಅರ್ಧ ಮಿಲಿಗ್ರಾಂ, ತೊಡೆಯ ಹೊರಬದಿಯ ನಡುಭಾಗದ ಮಾಂಸಖಂಡಕ್ಕೆ. ವಿದೇಶದಲ್ಲಿ ಸಿಗುವ ಪೆನ್ನಿನಂಥ ಇಂಜೆಕ್ಷನ್ ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದಿಲ್ಲ, ಆದರೆ ಒಂದು ಮಿಲಿಗ್ರಾಂ ಮದ್ದಿರುವ ಒಂದು ಮಿಲಿಲೀಟರಿನ ಆಂಪೂಲ್, ಅಂದರೆ ಪುಟ್ಟ ಗಾಜಿನ ಸೀಸೆ, ಸಿಗುತ್ತದೆ, ಬೆಲೆಯೂ ಹೆಚ್ಚಲ್ಲ. ಡಾಕ್ಟರ್ ಬರೆದುಕೊಟ್ಟರೆ ಅದನ್ನು ಒಡೆದು, ಸಿರಿಂಜಿಗೆ ಅರ್ಧದಷ್ಟು ಎಳೆದು, ಪ್ಯಾಂಟಿನ ಮೇಲಿನಿಂದಲೇ ಚುಚ್ಚುವುದನ್ನು ನಾನು ಬಂದು ನಿಮ್ಮಿಬ್ಬರಿಗೂ ಬರೀ ನೀರಿನಲ್ಲಿ ಅಭ್ಯಾಸ ಮಾಡಿಸುತ್ತೇನೆ. ಮೂವತ್ತು ವರ್ಷ ವಾರ್ಡಿನಲ್ಲಿ ಮಾಡಿದ ಕೆಲಸವೇ ಅದು. ಚುಚ್ಚಿದ ಮೇಲೆ ಅವನನ್ನು ಎದ್ದು ಓಡಾಡಿಸಬೇಡಿ. ಕಾಲು ಎತ್ತರಿಸಿ ಮಲಗಿಸಿ, ಉಸಿರಾಟ ಕಷ್ಟವಾದರೆ ಒರಗಿ ಕೂರಿಸಿ, ಸುಧಾರಿಸಿದಂತೆ ಕಂಡರೂ ಆಸ್ಪತ್ರೆಗೆ ಕರೆತನ್ನಿ. ಕೆಲವರಿಗೆ ಕೆಲವು ಗಂಟೆಗಳ ಬಳಿಕ ಇನ್ನೊಮ್ಮೆ ಬರುತ್ತದೆ.

ರಕ್ತಪರೀಕ್ಷೆಯ ಕಾಗದದಲ್ಲಿ ಎಳ್ಳು, ಸೀಗಡಿ, ಗೋಧಿ ಎಂದೆಲ್ಲ ಗುರುತು ಹಾಕಿದ್ದಾರೆಂದು ಅವನಿಗೆ ಎಲ್ಲವನ್ನೂ ಬಿಡಿಸಿದ್ದೀರಂತೆ. ಬೆಂಗಳೂರು ಮತ್ತು ಮೈಸೂರಿನ ವಯಸ್ಕರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೂರಕ್ಕೆ 26 ಜನರ ರಕ್ತದಲ್ಲಿ ಯಾವುದಾದರೊಂದು ಆಹಾರದ ವಿರುದ್ಧ ಐಜಿಇ, ಅಂದರೆ ಅಲರ್ಜಿಗೆ ಸಂಬಂಧಿಸಿದ ಪ್ರತಿಕಾಯ, ಕಂಡಿತ್ತು, ನಿಜವಾದ ಅಲರ್ಜಿ ಇರಬಹುದಾದವರು ನೂರಕ್ಕೆ ಒಬ್ಬರ ಆಸುಪಾಸು. ತಿಂದು ತೊಂದರೆಯಾಗದ ಪದಾರ್ಥವನ್ನು ಕಾಗದ ನೋಡಿ ಬಿಡಿಸಬಾರದು. ಇದನ್ನೂ ತಜ್ಞರ ಹತ್ತಿರ ಕೇಳಿ ಇತ್ಯರ್ಥ ಮಾಡಿಸಿಕೊಳ್ಳೋಣ.

ಹಾಗಾಗಿ ನನ್ನ ಅಭಿಪ್ರಾಯದಲ್ಲಿ ಈ ವರ್ಷ ಒಗ್ಗಿಸುವ ಯೋಚನೆ ಬೇಡ. ಉಬ್ಬಸ ಹತೋಟಿಗೆ ಬರಲಿ, ಮನೆಯಲ್ಲೊಂದು ಮತ್ತು ಜೀಪಿನಲ್ಲೊಂದು ಅಡ್ರಿನಲಿನ್ ಇರಲಿ. ಆಮೇಲೆ ಎರಡು ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗಿಬರುವ ಮನಸ್ಸು ಸುಹಾಸನಿಗೇ ಇದ್ದರೆ ಅವನೇ ತೀರ್ಮಾನಿಸಲಿ, ನಾವು ಒತ್ತಾಯ ಮಾಡುವುದು ಬೇಡ. ಉಬ್ಬಸಕ್ಕೆ ಕೊಡುವ ಒಮಾಲಿಜುಮಾಬ್ ಇಂಜೆಕ್ಷನ್ನಿಗೆ 2024ರ ಫೆಬ್ರುವರಿಯಲ್ಲಿ ಅಮೆರಿಕದಲ್ಲಿ ಆಹಾರದ ಅಲರ್ಜಿಗೂ ಒಪ್ಪಿಗೆ ಸಿಕ್ಕಿದೆ, ವಯಸ್ಕರಿಗೂ ಸೇರಿ. ದುಬಾರಿ ಮದ್ದು, ಆದರೂ ಅದನ್ನೊಮ್ಮೆ ವಿಚಾರಿಸಿ. ಹಳೆಯ ರಿಪೋರ್ಟು, ಉಬ್ಬಸದ ಪಂಪು, ಅವನು ನುಂಗುವ ಮಾತ್ರೆಗಳ ಚೀಟಿ ಎಲ್ಲದರ ಫೋಟೊ ಇಲ್ಲಿಗಲ್ಲ, ನನ್ನ ನಂಬರಿಗೆ ಕಳುಹಿಸಿ. ಎಳ್ಳು-ಬೆಲ್ಲವನ್ನು ಈ ಸಲ ಕಡಲೆಬೀಜ ಹಾಕದೆ ಬೇರೆ ಡಬ್ಬಿಯಲ್ಲಿ ನಾನೇ ಕಲಸಿ ತರುತ್ತೇನೆ.